ಪೂರ್ವ ಆಫ್ರಿಕಾದ ಹೊರೆಯಾಳುಗಳು ಮತ್ತು 1915ರ ಕಾಯಿದೆ

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ದಂಡಿಗೆ ಹೊರೆ ಹೊತ್ತ ಕೀನ್ಯಾದವರು ಕೂಲಿಯ ಆಸೆಗೆ ತಾವಾಗಿಯೇ ಹೋದವರೇ, ಇಲ್ಲವೇ ಕಾನೂನಿನ ಬಲದಿಂದ ಎಳೆತಂದವರೇ ಎಂದು ತಾವು ಕೇಳಿದ್ದೀರಿ. ಆರಂಭದಲ್ಲಿ ಕೆಲವರು ಸ್ವಇಚ್ಛೆಯಿಂದ ಸೇರಿದ್ದುಂಟು. ಆದರೆ 1915ರಲ್ಲಿ ಸ್ಥಳೀಯ ಅನುಚರರ (ಅಂದರೆ ದಂಡಿನ ಜೊತೆ ಹೋಗುವ ಹೊರೆಯಾಳು ಮೊದಲಾದವರ) ನೇಮಕಾತಿ ಕಾಯಿದೆ ಬಂದ ಮೇಲೆ ಒತ್ತಾಯಕ್ಕೆ ಕಾನೂನಿನ ಮುದ್ರೆಯೇ ಬಿತ್ತು. ಜಿಲ್ಲಾಧಿಕಾರಿ ಇಷ್ಟು ಜನ ಬೇಕೆಂದು ಊರ ಮುಖಂಡನಿಗೆ ಹೇಳಿಕಳಿಸುತ್ತಿದ್ದ, ಮುಖಂಡ ಗಟ್ಟಿಮುಟ್ಟಾದ ಗಂಡಸರನ್ನು ಒಪ್ಪಿಸಬೇಕಿತ್ತು. ಆಗ ಅಲ್ಲಿ ನಮ್ಮ ರೂಪಾಯಿಯೇ ಚಲಾವಣೆಯಲ್ಲಿತ್ತು. ಕಾಯಿದೆಯ ಬಳಿಕ ಹೊರೆಯಾಳಿನ ತಿಂಗಳ ಕೂಲಿ ಸುಮಾರು 5 ರೂಪಾಯಿಗೆ ಇಳಿಯಿತು. ಕೂಲಿಯನ್ನು ತಗ್ಗಿಸಿದ ಮೇಲೂ ಜನ ಸಿಗುವಂತೆ ಮಾಡಲು ಒತ್ತಾಯವೇ ಬೇಕಾಯಿತು ಎಂಬುದು ನನ್ನ ಓದು.

1917ರಲ್ಲಿ ಬ್ರಿಟಿಷ್ ಅಧಿಕಾರಿ ಜಾನ್ ಐನ್ಸ್‌ವರ್ತ್ ನೇತೃತ್ವದಲ್ಲಿ ನಡೆದ ಸಾಮೂಹಿಕ ಭರ್ತಿಯಂತೂ ಹಳ್ಳಿಗಳನ್ನೇ ಬರಿದು ಮಾಡಿತು. ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಗುಂಡಲ್ಲ. ಸರಿಯಾಗಿ ಬೇಯದ ಮೆಕ್ಕೆಜೋಳದ ಹಿಟ್ಟಿನಿಂದ ಹತ್ತಿದ ಆಮಶಂಕೆ, ಮಲೇರಿಯಾ, ನ್ಯುಮೋನಿಯಾ. ಸತ್ತವರ ಸಂಖ್ಯೆ 40,000ಕ್ಕೂ ಮಿಕ್ಕಿದ್ದೆಂದು ಸರ್ಕಾರಿ ಲೆಕ್ಕವೇ ಒಪ್ಪುತ್ತದೆ.

ನೈರೋಬಿಯ ಕಾರಿಯಾಕೊರ್ ಬಡಾವಣೆಯ ಹೆಸರು ಈ ಹೊರೆಯಾಳುಗಳ ದಳವಾದ 'ಕ್ಯಾರಿಯರ್ ಕೋರ್' ಎಂಬುದರ ಸ್ಥಳೀಯ ಉಚ್ಚಾರಣೆ. ಅದೇ ನಗರದ ಕೆನ್ಯಾಟಾ ಅವೆನ್ಯೂದಲ್ಲಿರುವ ಕಂಚಿನ ಸ್ಮಾರಕದಲ್ಲಿ ಬಂದೂಕು ಹಿಡಿದ ಸೈನಿಕರ ಜೊತೆಗೆ ಒಬ್ಬ ಹೊರೆಯಾಳೂ ನಿಂತಿದ್ದಾನೆ.

ಒಂದು ಸಣ್ಣ ತಿದ್ದುಪಡಿ: ತಾವು ಕೀನ್ಯಾವನ್ನು ವಸಾಹತು ಎಂದಿದ್ದೀರಿ, ಯುದ್ಧಕಾಲದಲ್ಲಿ ಅದು ಸಂರಕ್ಷಿತ ಪ್ರಾಂತ್ಯವಾಗಿತ್ತು, ವಸಾಹತಾದದ್ದು 1920ರಲ್ಲಿ.