ಇಲಿಮರಿ ಬೆಳೆಯಲಿಲ್ಲ: ತಪ್ಪು ಪ್ರೋಟೀನಿನದೋ, ನಾರಿನದೋ?

ಪ್ರಶ್ನೆ: ನಾನು ಪೋಷಣಾ ವಿಜ್ಞಾನದ ವಿದ್ಯಾರ್ಥಿನಿ. ಹಾಲು ಬಿಟ್ಟ ಇಲಿಮರಿಗಳ ಎರಡು ಗುಂಪಿಗೆ 28 ದಿನ ಆಹಾರ ಕೊಟ್ಟೆ. ಎರಡರಲ್ಲೂ ಪ್ರೋಟೀನ್ ಶೇ 10. ಒಂದಕ್ಕೆ ಹಾಲಿನ ಪ್ರೋಟೀನಾದ ಕೇಸೀನ್, ಜೊತೆಗೆ ಸಿಸ್ಟೀನ್ ಎಂಬ ಗಂಧಕವಿರುವ ಅಮೈನೋ ಆಮ್ಲ ಸ್ವಲ್ಪ. ಇನ್ನೊಂದಕ್ಕೆ ಸಿಪ್ಪೆ ಸಮೇತ ಬೀಸಿದ ಕಾಳಿನ ಹಿಟ್ಟು. ಕಾಳಿನ ಗುಂಪು ಬಹಳ ಕಡಿಮೆ ಬೆಳೆಯಿತು. ನಾರು ಜಾಸ್ತಿಯಾಗಿದ್ದರಿಂದ ಹೀಗಾಯಿತು ಎಂದು ಬರೆದುಬಿಡಬಹುದೇ?

ಉತ್ತರ: ಬರೆಯಬೇಡಿ, ಸ್ವಲ್ಪ ತಡೆಯಿರಿ. ತೂಕದ ಪಟ್ಟಿ ಪಕ್ಕಕ್ಕಿಟ್ಟು ಮೊದಲು ಬಟ್ಟಲಿನ ಲೆಕ್ಕ ತೆಗೆಯಿರಿ. ಮರಿಗಳು ದಿನಕ್ಕೆ ಎಷ್ಟು ತಿಂದವು?

ಸೆಲ್ಯುಲೋಸಿನಂಥ ನಾರಿನಿಂದ ಇಲಿಗೆ ಶಕ್ತಿ ಸಿಗುವುದು ತೀರಾ ಕಡಿಮೆ. ಅದು ಆಹಾರವನ್ನು ತೆಳುವಾಗಿಸುತ್ತದೆ, ಅಷ್ಟೆ. ಇಲಿ ಅದನ್ನು ಸರಿದೂಗಿಸಲು ಜಾಸ್ತಿ ತಿನ್ನುತ್ತದೆ. ಜಾಸ್ತಿ ತಿಂದಾಗ ಪ್ರೋಟೀನೂ ಜಾಸ್ತಿಯೇ ಒಳಗೆ ಹೋಗುತ್ತದೆ. ಹಾಗಾಗಿ ಮಿತವಾದ ನಾರಿನಿಂದ ಬೆಳವಣಿಗೆ ಅಷ್ಟಾಗಿ ಕುಗ್ಗುವುದಿಲ್ಲ. ಬೆಳೆಯುವ ಪ್ರಯೋಗದ ಇಲಿಗಳಿಗೆಂದು 1993ರಲ್ಲಿ ಗೊತ್ತುಮಾಡಿದ ಎಐಎನ್-93ಜಿ ಎಂಬ ಪ್ರಮಾಣಿತ ಆಹಾರದಲ್ಲೇ ಕಿಲೋಗೆ 50 ಗ್ರಾಂ ಸೆಲ್ಯುಲೋಸ್ ಇದೆ, ಮರಿಗಳು ಚೆನ್ನಾಗಿಯೇ ಬೆಳೆಯುತ್ತವೆ. ನಾರು ವಿಪರೀತವಾದಾಗ ಮಾತ್ರ ಪುಟ್ಟ ಹೊಟ್ಟೆಯಲ್ಲಿ ಜಾಗ ಸಾಲದೆ ಮರಿ ಸೋಲುತ್ತದೆ.

ಪ್ರೋಟೀನ್ ಕಳಪೆಯಾದರೆ ಕಥೆ ಉಲ್ಟಾ. ಪ್ರೋಟೀನಿನ ಘಟಕಗಳಲ್ಲಿ ದೇಹ ತಾನೇ ತಯಾರಿಸಲಾರದ ಒಂದು ಅಗತ್ಯ ಅಮೈನೋ ಆಮ್ಲ ಕೊರತೆಯಾದರೂ ಇಲಿಗೆ ಅದು ಬೇಗನೆ ಗೊತ್ತಾಗುತ್ತದೆ, ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ನಿಮ್ಮ ಕಾಳಿನ ಗುಂಪು ಕೇಸೀನ್ ಗುಂಪಿಗಿಂತ ಕಡಿಮೆ ತಿಂದಿದ್ದರೆ ನನ್ನ ಅನುಮಾನ ಮೊದಲು ಪ್ರೋಟೀನಿನ ಮೇಲೆ. ಜಾಸ್ತಿ ತಿಂದೂ ಬೆಳೆಯದಿದ್ದರೆ ನಾರು ಮತ್ತು ಜೀರ್ಣದ ಕಡೆ ನೋಡಬೇಕು. (ಚೆಲ್ಲಿದ ಹಿಟ್ಟನ್ನು ತೂಗಿ ಕಳೆದಿದ್ದೀರಿ ಅಲ್ವಾ? ಪುಡಿ ಆಹಾರವನ್ನು ಇಲಿಗಳು ಕೆದರಿ ಚೆಲ್ಲುವುದು ಕಡಿಮೆಯೇನಲ್ಲ.)

ಪ್ರೋಟೀನಿನ ಪ್ರಮಾಣ ಒಂದೇ ಇದ್ದರೂ ಫಲ ಒಂದೇ ಅಲ್ಲ ಎನ್ನುವುದು ಹಳೆಯ ವಿಷಯ. 1914ರಲ್ಲಿ ಅಮೆರಿಕದ ಆಸ್ಬೋರ್ನ್ ಮತ್ತು ಮೆಂಡೆಲ್ ಇಲಿಗಳಿಗೆ ಪ್ರೋಟೀನ್ ಎಂದು ಮೆಕ್ಕೆಜೋಳದ ಝೀನ್ ಒಂದನ್ನೇ ಕೊಟ್ಟರು. ಇಲಿಗಳು ಸೊರಗಿದವು. ಝೀನಿನಲ್ಲಿಲ್ಲದ ಅಮೈನೋ ಆಮ್ಲ ಟ್ರಿಪ್ಟೋಫಾನ್ ಸೇರಿಸಿದಾಗ ತೂಕ ಇಳಿಯುವುದು ನಿಂತಿತು, ಆದರೆ ಏರಲಿಲ್ಲ. ಇನ್ನೊಂದು ಅಮೈನೋ ಆಮ್ಲ ಲೈಸಿನ್ನೂ ಸೇರಿಸಿದ ಮೇಲೆಯೇ ಬೆಳೆದವು. ನಾರಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಕಾಳಿನಲ್ಲಿ ಲೈಸಿನ್ ಧಾರಾಳ, ಗಂಧಕವಿರುವ ಅಮೈನೋ ಆಮ್ಲ ಮೆಥಿಯೋನಿನ್ ಕಡಿಮೆ. ಮೈತುಂಬ ರೋಮ ಬೆಳೆಸುವ ಇಲಿಗೆ ಗಂಧಕವಿರುವ ಅಮೈನೋ ಆಮ್ಲಗಳು ಮನುಷ್ಯರಿಗಿಂತ ಹೆಚ್ಚು ಬೇಕು. ಅದಕ್ಕೇ ಇಲಿಯ ಪರೀಕ್ಷೆಯಲ್ಲಿ ಕಾಳುಗಳಿಗೆ ಸಿಗಬೇಕಾದ್ದಕ್ಕಿಂತ ಕಡಿಮೆ ಅಂಕ ಬೀಳುತ್ತದೆ. ಕೇಸೀನಿನಲ್ಲೂ ಇದೇ ಕೊರತೆ ಸ್ವಲ್ಪ ಇದೆ. ಎಐಎನ್-93ಜಿಯಲ್ಲಿ ಕಿಲೋಗೆ 3 ಗ್ರಾಂ ಸಿಸ್ಟೀನ್ ಸೇರಿಸುವುದು ಅದಕ್ಕಾಗಿ. ನೀವೂ ಕೇಸೀನ್ ಗುಂಪಿಗೆ ಅದನ್ನು ಕೊಟ್ಟಿದ್ದೀರಿ, ಕಾಳಿನ ಗುಂಪಿಗೆ ಏನೂ ಕೊಟ್ಟಿಲ್ಲ. ನಿಜ ಹೇಳಬೇಕೆಂದರೆ ಇದು ಸರಿಸಮನಾದ ಪಂದ್ಯವಲ್ಲ.

ಹಿಟ್ಟನ್ನು ಬೇಯಿಸಿದ್ದಿರೋ ಇಲ್ಲವೋ ನೀವು ಬರೆದಿಲ್ಲ. ಹಸಿ ಕಾಳಿನಲ್ಲಿ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವವನ್ನು ತಡೆಯುವ ಪದಾರ್ಥಗಳಿರುತ್ತವೆ, ಪ್ರೋಟೀನ್ ಜೀರ್ಣವಾಗಲು ಅವು ಬಿಡುವುದಿಲ್ಲ. ಹಸಿ ಸೋಯಾ ತಿಂದ ಇಲಿಗಳಲ್ಲಿ ಮೇದೋಜೀರಕ ಗ್ರಂಥಿಯೇ ದಪ್ಪವಾಗುತ್ತದೆ. ಹದವಾಗಿ ಬೇಯಿಸಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ.

ಹಾಗೆಂದು ನಾರು ಏನೂ ಮಾಡುವುದಿಲ್ಲ ಎಂದಲ್ಲ. ನಾರು ಹೆಚ್ಚಿದಂತೆ ಹಿಕ್ಕೆಯಲ್ಲಿ ಸಾರಜನಕ (ಪ್ರೋಟೀನನ್ನು ಅಳೆಯುವುದು ಇದರಿಂದಲೇ) ಹೆಚ್ಚು ಹೋಗುತ್ತದೆ. ಸಿಪ್ಪೆಯೊಳಗೆ ಸಿಕ್ಕಿಕೊಂಡ ಪ್ರೋಟೀನ್ ಬಿಡಿಸಿಕೊಳ್ಳುವುದು ಕಷ್ಟ. ಸಾರಜನಕವನ್ನು 6.25ರಿಂದ ಗುಣಿಸಿ ಬರೆದ ನಿಮ್ಮ ಶೇ 10ರಲ್ಲಿ ಅದೂ ಲೆಕ್ಕಕ್ಕೆ ಬಂದಿರುತ್ತದೆ. ಆದರೆ ಪೆಕ್ಟಿನ್‌ನಂಥ, ಹುಳಿಯುವ ನಾರಿನ ವಿಷಯ ಬೇರೆ. ಅದನ್ನು ತಿಂದು, ದೊಡ್ಡ ಕರುಳಿನ ಆರಂಭದ ಚೀಲವಾದ ಸೀಕಮ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಹಿಕ್ಕೆಯ ಸಾರಜನಕದಲ್ಲಿ ಅವುಗಳ ಪಾಲೂ ಇರುತ್ತದೆ. ಮೂತ್ರದಲ್ಲಿ ಹೋಗುವ ಸಾರಜನಕ ಅಷ್ಟು ಕಡಿಮೆಯಾಗಿರಬಹುದು. ಹಿಕ್ಕೆ ಮಾತ್ರ ನೋಡಿದರೆ ಜೀರ್ಣವೇ ಆಗಿಲ್ಲ ಅನ್ನಿಸುತ್ತದೆ. ಅದೂ ಅಲ್ಲದೆ ಇಲಿ ತನ್ನ ಹಿಕ್ಕೆಯನ್ನು ತಾನೇ ತಿನ್ನುತ್ತದೆ. ಜಾಲರಿ ತಳದ ಪಂಜರ ಇದ್ದರೂ ಪೂರ್ತಿ ತಪ್ಪುವುದಿಲ್ಲ.

ಇನ್ನೊಂದು ಸುತ್ತು ಮಾಡಲು ಅವಕಾಶವಿದ್ದರೆ ನಾಲ್ಕು ಗುಂಪು ಮಾಡಿ. ಈಗಿನ ಎರಡರ ಜೊತೆಗೆ, ಕಾಳಿನ ಹಿಟ್ಟಿಗೆ ಮೆಥಿಯೋನಿನ್ ಸೇರಿಸಿದ ಒಂದು, ಕೇಸೀನಿಗೆ ಅದೇ ಕಾಳಿನ ಸಿಪ್ಪೆ ಬೆರೆಸಿದ ಇನ್ನೊಂದು. ಸಿಪ್ಪೆಯ ಸಾರಜನಕವನ್ನು ಲೆಕ್ಕದಲ್ಲಿ ಸರಿಹೊಂದಿಸಿ, ಕಾಳನ್ನು ಬೇಯಿಸಿ. ಮೆಥಿಯೋನಿನ್ ಕೊಟ್ಟ ಕೂಡಲೇ ಮರಿಗಳು ಚಿಗುರಿದರೆ ಉತ್ತರ ಸಿಕ್ಕಂತೆ. ಕೊನೆಯ ದಿನ ಸೀಕಮ್ ಬಿಡಿಸಿ ಬೇರೆಯಾಗಿ ತೂಗಿ. ಹುಳಿಯುವ ನಾರು ತಿಂದ ಇಲಿಯಲ್ಲಿ ಅದು ಉಬ್ಬಿ ಭಾರವಾಗಿರುತ್ತದೆ, ಆ ಭಾರವನ್ನು ಬೆಳವಣಿಗೆ ಎಂದು ಬರೆದುಕೊಂಡವರು ಕಡಿಮೆಯಿಲ್ಲ.