ಐದೂವರೆಯಿಂದ ಆರೂಕಾಲು

ಕೊಡಗಿನಲ್ಲಿ ಗುರುತು ಮರೆಸಿ ಬರೆಯುವುದು ಸುಲಭವಲ್ಲ. ಮನೆಹೆಸರಿನ ಮೊದಲಕ್ಷರ ಬಾಯಿಬಿಟ್ಟರೂ ಸಾಕು, ಯಾರ ಸೊಸೆ, ಯಾವ ಊರು ಎಂದು ಮಡಿಕೇರಿ ಸಂತೆಯಲ್ಲಿ ನಿಂತೇ ಹೇಳಿಬಿಡುತ್ತಾರೆ. ಹಾಗಾಗಿ ನನ್ನ ಬಳಿ ಸಲಹೆಗೆ ಬಂದ ಈ ಮಹಿಳೆಯ ಊರು, ಕೆಲಸ, ಮಕ್ಕಳ ಲೆಕ್ಕ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ. ಟೀಚರ್ ಎಂದು ಕರೆಯೋಣ. ವಯಸ್ಸು 38, ಸುಂಟಿಕೊಪ್ಪ ಕಡೆಯ ತೋಟದ ಮನೆ.

ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತದ ಹಬ್ಬ ಮುಗಿದ ಮರುವಾರವೇ ಬಂದಿದ್ದರು. ಸ್ಟಾಫ್ ರೂಮಿನಲ್ಲಿ ಚಾಕ್‌ಪೀಸ್ ಡಬ್ಬಿ ಬಿದ್ದದ್ದಕ್ಕೆ ಅತ್ತುಬಿಟ್ಟರಂತೆ. ಜೊತೆಯವರೇ ಕಳಿಸಿದ್ದು.

ಎರಡು ವರ್ಷದಿಂದ ಬೆಳಿಗ್ಗೆ ಓಡುವ ಅಭ್ಯಾಸ. ಈ ಸಲ ಮೈಸೂರಿನಲ್ಲಿ 10 ಕಿಲೋಮೀಟರ್ ಓಡಬೇಕೆಂಬ ಆಸೆಗೆ ಮಳೆಗಾಲದಲ್ಲೂ ನಿಲ್ಲಿಸಲಿಲ್ಲ. ತೋಟದ ಮಣ್ಣುದಾರಿ ಜಾರುತ್ತದೆ, ಇಂಬಳ ಬೇರೆ. ಟಾರು ರಸ್ತೆಗಿಳಿದರು. ನಮ್ಮಲ್ಲಿ ಟಾರು ರಸ್ತೆ ಎಂದರೆ ಒಂದೋ ಏರು, ಇಲ್ಲವೇ ಇಳಿಜಾರು. ಮೂರು ವಾರದಲ್ಲಿ ದೂರವನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡಿದ್ದರು. ಒದ್ದೆ ಶೂವನ್ನು ಪೇಪರ್ ತುರುಕಿ ಬಚ್ಚಲ ಒಲೆಯ ಹಿಂದೆ ಒಣಗಿಸುತ್ತಿದ್ದರಂತೆ, ಅತ್ತೆಯ ಕಣ್ಣಿಗೆ ಬೀಳದ ಹಾಗೆ. ನೋವು ಶುರುವಾದಾಗ ಅದನ್ನೂ ಹಾಗೇ ಮುಚ್ಚಿಟ್ಟರು. "ಬೇಡ ಅಂದಿದ್ದೆ ಅಂತಾರಲ್ಲ ಮೇಡಂ."

"ಎಲ್ಲಿ ನೋವು?" ಎಂದೆ. ಮೊಣಕಾಲಿಗೂ ಪಾದದ ಗಂಟಿಗೂ ನಡುವೆ, ಮೂಳೆಯ ಒಳಅಂಚಿನಲ್ಲಿ ಒಂದೇ ಕಡೆ ಹೆಬ್ಬೆರಳು ಒತ್ತಿದರು. ಒತ್ತಿದ ಕೂಡಲೇ ಉಸಿರು ಎಳೆದುಕೊಂಡರು. ರಾತ್ರಿ ಮಲಗಿದಾಗಲೂ ಅಲ್ಲೇ ನೋಯುತ್ತದಂತೆ.

ನಾನು ಮೂಳೆ ಡಾಕ್ಟರಲ್ಲ. ಆದರೂ ಇಷ್ಟು ಗೊತ್ತಿತ್ತು: ಓಡುವವರು ಶಿನ್ ಸ್ಪ್ಲಿಂಟ್ಸ್ ಅನ್ನುವ ನೋವು ಅಂಗೈ ಉದ್ದಕ್ಕೆ ಹರಡಿರುತ್ತದೆ, ಮೈ ಬಿಸಿಯಾದ ಮೇಲೆ ಎಷ್ಟೋ ಸಲ ತಗ್ಗುತ್ತದೆ. ಬೆರಳಿಟ್ಟು ತೋರಿಸಬಹುದಾದ ನೋವು, ಓಡಿದಷ್ಟೂ ಏರುವ ನೋವು, ರಾತ್ರಿ ಕಾಡುವ ನೋವು ಬೇರೆ ಜಾತಿ. ಅದು ಮೂಳೆಯಲ್ಲೇ ಸಣ್ಣ ಬಿರುಕಿರುವ ಸೂಚನೆಯಾಗಿರಬಹುದು. ಅಲ್ಲಿಗೆ ಮಾತು ನಿಲ್ಲಿಸಿ, ಮೊದಲು ಆರ್ಥೋ ಡಾಕ್ಟರ ಹತ್ತಿರ ಹೋಗಿ ಎಂದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮೊದಲ ಎರಡು ಮೂರು ವಾರ ಹೀಗೆ ಕಾಣದೇ ಇರುವುದು ಸಾಮಾನ್ಯ. ಎಂಆರ್‌ಐಯಲ್ಲಿ ಸಿಕ್ಕಿತು. ಎಂಟು ವಾರ ಓಟ ಬಂದ್.

ಇನ್ನೊಂದು ವಿಷಯ ಹೊರಬಂದದ್ದು ನಾನು ಊಟದ ಬಗ್ಗೆ ಕೇಳಿದಾಗ. ಬೆಳಿಗ್ಗೆ ಓಡಿ ಬಂದು ಹತ್ತು ಗಂಟೆವರೆಗೆ ಬರೀ ಕಾಫಿ, ರಾತ್ರಿ ಅರ್ಧ ಒಟ್ಟಿ, ಅಂದರೆ ನಮ್ಮ ಅಕ್ಕಿ ರೊಟ್ಟಿ. ಮುಟ್ಟು ಎರಡು ತಿಂಗಳಿಗೊಮ್ಮೆ. "ವಯಸ್ಸಾಯ್ತಲ್ಲ, ನಿಲ್ಲೋ ಸಮಯ" ಎಂದು ಸುಮ್ಮನಿದ್ದರು. 38ಕ್ಕೆ ಅದೆಂಥ ವಯಸ್ಸು! ಖರ್ಚಿಗೆ ತಕ್ಕ ಆಹಾರ ಸಿಗದಿದ್ದರೆ ದೇಹ ಮೊದಲು ಮುಟ್ಟಿನ ಲೆಕ್ಕದಲ್ಲಿ ಉಳಿತಾಯ ಮಾಡುತ್ತದೆ, ಮೂಳೆಯ ರಿಪೇರಿಯಲ್ಲೂ ಮಾಡುತ್ತದೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೊಂದು ಹೆಸರನ್ನೇ ಕೊಟ್ಟಿದೆ. ಪದಕ ಗೆಲ್ಲುವವರಿಗಷ್ಟೇ ಬರುವ ತೊಂದರೆ ಇದಲ್ಲ. ಸ್ತ್ರೀರೋಗ ತಜ್ಞರಿಗೂ ಒಂದು ಚೀಟಿ ಬರೆದುಕೊಟ್ಟೆ.

ಇಷ್ಟಾದ ಮೇಲೆ ನಾನೊಂದು ತಪ್ಪು ಮಾಡಿದೆ. "ಚೆನ್ನಾಗಿ ವಿಶ್ರಾಂತಿ ತಗೊಳ್ಳಿ" ಎಂದು, ಮಲಗುವ ಮುಂಚೆ ಮಾಡಲು ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದೆ. ಎರಡು ವಾರ ಬಿಟ್ಟು ಬಂದಾಗ ಮುಖ ಇನ್ನೂ ಬಾಡಿತ್ತು.

"ವಿಶ್ರಾಂತಿ ಅಂದ್ರೆ ಮನೇಲಿರೋದು ಅಲ್ವಾ ಮೇಡಂ? ಮನೇಲಿದ್ದೀನಿ."

ಬಿಡಿಸಿ ಕೇಳಿದೆ. ಮೊದಲು ಬೆಳಗಿನ ತಿಂಡಿ ಉಪ್ಪಿಟ್ಟೋ ಇಡ್ಲಿಯೋ, ರಾತ್ರಿಯೇ ತಯಾರಿ ಮಾಡಿಟ್ಟು ಓಡಲು ಹೋಗುತ್ತಿದ್ದರು. ಈಗ ಹೇಗೂ ಎದ್ದಿರುತ್ತಾಳಲ್ಲ ಎಂದು ಮಾವನಿಗೆ ಐದೂವರೆಗೇ ಕಾಫಿ. ಆಮೇಲೆ ಬಿಸಿ ಬಿಸಿ ಅಕ್ಕಿ ಒಟ್ಟಿ, ಅದಕ್ಕೆ ಚಟ್ನಿ. ಗಂಡನ ಶರ್ಟು ಇಸ್ತ್ರಿ. ಯಾರೂ ಜೋರು ಮಾಡಿದ್ದಲ್ಲ. ಜಾಗ ಖಾಲಿ ಕಂಡಿತು, ತುಂಬಿತು. ಇಡೀ ದಿನದಲ್ಲಿ ಇವರನ್ನು ಯಾರೂ ಕೂಗದ ಮುಕ್ಕಾಲು ಗಂಟೆ ಅದೊಂದೇ ಇತ್ತು. ಕಾಲಿನ ಜೊತೆ ಅದೂ ಹೋಗಿತ್ತು. ಅತ್ತದ್ದು ಚಾಕ್‌ಪೀಸಿಗೂ ಅಲ್ಲ, ಮೈಸೂರಿನ ಓಟಕ್ಕೂ ಅಲ್ಲ.

ಆಗ ಕೊಟ್ಟ ಸಲಹೆ ಇದು: ಓಟ ಬಿಡಿ, ಹೊತ್ತು ಬಿಡಬೇಡಿ. ಅದೇ ಅಲಾರಂ, ಅದೇ ಶೂ, ಹೊಸಿಲು ದಾಟಿ ಹೊರಗೆ. ಮನೆಯ ಕಾಫಿ ಒಣಗಿಸುವ ಕಣ ಅಕ್ಟೋಬರಿನಲ್ಲಿ ಖಾಲಿ. ಸಮತಟ್ಟಾದ ನೆಲ ಕೊಡಗಿನಲ್ಲಿ ಮತ್ತೆಲ್ಲಿ ಸಿಗಬೇಕು! ಚಾಪೆ ಹಾಸಿ ಫಿಸಿಯೋ ಹೇಳಿಕೊಟ್ಟ ಸೊಂಟದ, ತೊಡೆಯ ವ್ಯಾಯಾಮ ಮಾಡಿ ಎಂದೆ. ನಾಲ್ಕನೇ ದಿನಕ್ಕೆ ಅಡುಗೆಮನೆ ಕಿಟಕಿಯಿಂದ ಅತ್ತೆ ಕೂಗಿದರು, ಹಾಲು ಉಕ್ಕುತ್ತಿದೆ ಎಂದು. ಓಡುವವಳನ್ನು ಕೂಗಿ ಕರೆಯಲಾಗದು, ಚಾಪೆ ಮೇಲೆ ಮಲಗಿದವಳನ್ನು ಕರೆಯಬಹುದು.

ಮುಂದಿನ ಸಲ ಗಂಡನನ್ನೂ ಕರೆಸಿದೆ. "ನನಗೆ ಸಮಯ ಬೇಕು" ಎಂದು ಹೇಳಬೇಡಿ, ಅದಕ್ಕೆ ಎಲ್ಲರೂ ಹೂಂ ಅಂದು ಮರೆಯುತ್ತಾರೆ ಎಂದು ಟೀಚರಿಗೆ ಮೊದಲೇ ಹೇಳಿದ್ದೆ. ಅವರು ಗಂಡನ ಕಡೆ ತಿರುಗಿ, "ಐದೂವರೆಯಿಂದ ಆರೂಕಾಲು ನಾನು ಮನೇಲಿಲ್ಲ ಅಂತ ತಿಳ್ಕೊಳ್ಳಿ" ಅಂದರು. ಆ ಮನುಷ್ಯ ಸ್ವಲ್ಪ ಹೊತ್ತು ಚಾವಣಿ ನೋಡಿ, "ಅಪ್ಪನ ಕಾಫಿ ನಾನು ಮಾಡ್ತೇನೆ, ಒಟ್ಟಿ ಮಾತ್ರ ನನ್ನಿಂದಾಗಲ್ಲ" ಎಂದರು. ಉಪ್ಪಿಟ್ಟಿಗೆ ರಾಜಿಯಾಯಿತು. ಓಡದ ದಿನವೂ ಬಾಳೆಹಣ್ಣೋ ಮೊಟ್ಟೆಯೋ ತಿಂದೇ ಹೊರಡುವುದು ಎಂಬ ಷರತ್ತನ್ನು ನಾನು ಸೇರಿಸಿದೆ.

ನವೆಂಬರಿನಲ್ಲಿ ಅರ್ಧ ಗಂಟೆ ನೋವಿಲ್ಲದೆ ನಡೆದ ಮೇಲೆ ಡಾಕ್ಟರು ಓಟಕ್ಕೆ ಒಪ್ಪಿದರು: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ದಿನ ಬಿಟ್ಟು ದಿನ, ಇಳಿಜಾರು ಕೊನೆಗೆ. ಮಾರನೇ ದಿನ ಆ ಹೆಬ್ಬೆರಳಿನ ಜಾಗ ನೊಂದರೆ ಒಂದು ಮೆಟ್ಟಿಲು ಹಿಂದಕ್ಕೆ.

ಕಳೆದ ವಾರ ಫೋನ್ ಮಾಡಿದ್ದರು. ಕಣದ ತುಂಬ ಕಾಫಿ ಹರಡಿದ್ದಾರಂತೆ, ಚಾಪೆ ಹಾಸಲು ಜಾಗವಿಲ್ಲ. ಶಾಲೆಯ ಮೈದಾನಕ್ಕೆ ಹೋಗುತ್ತಿದ್ದಾರೆ, ನಾಲ್ಕು ನಿಮಿಷ ಓಟಕ್ಕೆ ಬಂದಿದ್ದಾರೆ. ಮಾವನಿಗೆ ಮಗನ ಕಾಫಿ ರುಚಿಸುತ್ತಿಲ್ಲವಂತೆ.

"ನೀವೇನಂದ್ರಿ?" ಎಂದೆ.

"ಆ ಹೊತ್ತಲ್ಲಿ ನಾನು ಮನೇಲಿರಲ್ಲ ಮೇಡಂ, ಕೇಳಿಸಲ್ಲ."