ಗಜನಿಗೆ ಕಗ್ಗವೋ, ಸಿಗಡಿಯೋ?

ಪ್ರಶ್ನೆ: ಕುಮಟಾ ಹತ್ತಿರ, ಅಘನಾಶಿನಿ ಅಳಿವೆಯ ಪಕ್ಕ ನಮ್ಮದೊಂದು ಗಜನಿ ಗದ್ದೆ, ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆ ಇದೆ. ಅಪ್ಪ ಅಲ್ಲಿ ಕಗ್ಗ ಎಂಬ, ಉಪ್ಪು ತಡೆಯುವ ಭತ್ತ ಬೆಳೆಯುತ್ತಿದ್ದರು. ಈಗ ಅಕ್ಕಪಕ್ಕದವರೆಲ್ಲ ಸಿಗಡಿಗೆ ಗುತ್ತಿಗೆ ಕೊಟ್ಟಿದ್ದಾರೆ. ನಾನೊಬ್ಬನೇ ಭತ್ತ ಹಿಡಿದು ಕೂತರೆ ಲಾಭ ಏನು?

ಉತ್ತರ: ಬರೀ ದುಡ್ಡು ನೋಡಿದರೆ ಸಿಗಡಿಯೇ ಮುಂದೆ, ಸುಮ್ನೆ ಯಾಕೆ ಸುಳ್ಳು ಹೇಳಲಿ. ಆದರೆ ಒಂದನ್ನೇ ಆರಿಸಬೇಕು ಅಂತ ಏನಿಲ್ಲ, ಅಲ್ವಾ? ಹಳಬರು ಮಳೆಗೆ ಉಪ್ಪು ತೊಳೆದುಹೋಗುವ ಕಾಲ ನೋಡಿ ಕಗ್ಗ ಬಿತ್ತಿ, ತೆನೆಯಷ್ಟೇ ಕೊಯ್ದು, ಹುಲ್ಲನ್ನು ಅಲ್ಲೇ ಬಿಟ್ಟು, ಆಮೇಲೆ ಉಬ್ಬರದ ನೀರನ್ನು ಒಳಗೆ ಬಿಡುತ್ತಿದ್ದರು. ಕೊಳೆತ ಹುಲ್ಲಿನಿಂದ ಮೀನು, ಸಿಗಡಿಗೆ ಮೇವು ಸಿಗುತ್ತಿತ್ತು. ಗೊಬ್ಬರದ ಖರ್ಚೂ ಇಲ್ಲ. ಕೇರಳದ ಪೊಕ್ಕಾಳಿ ಗದ್ದೆಗಳದ್ದೂ ಇದೇ ಕ್ರಮ, ಆ ಅಕ್ಕಿಗೆ ಜಿಐ ಟ್ಯಾಗ್ (ಇದು ಆ ನೆಲದ್ದೇ ಎಂಬ ಸರ್ಕಾರಿ ಗುರುತು) ಕೂಡ ಇದೆ.

ತೊಡಕು ಬೇರೆ ಕಡೆ ಇದೆ. ಉಪ್ಪುನೀರು ತಡೆಯುವ ಕಟ್ಟೆ ಎಲ್ಲರದ್ದೂ ಒಂದೇ, ಪಕ್ಕದವರು ಮಳೆಗಾಲದಲ್ಲೂ ಉಪ್ಪುನೀರು ನಿಲ್ಲಿಸಿದರೆ ನಿಮ್ಮ ಸಸಿ ಏಳುವುದೇ ಇಲ್ಲ. ಮೊದಲು ಅವರ ಜೊತೆ ಕೂತು ಮಾತಾಡಿ, ಮಳೆಗಾಲ ಭತ್ತಕ್ಕೆ, ಉಳಿದದ್ದು ಸಿಗಡಿಗೆ ಅಂತ. ಅವರು ಒಪ್ಪದಿದ್ದರೂ ಬೀಜ ಮಾತ್ರ ಬಿಡಬೇಡಿ. ಉಪ್ಪು ಮತ್ತು ನೆರೆ ಎರಡನ್ನೂ ತಡೆಯುವ ಭತ್ತ ಅಂಗಡಿಯಲ್ಲಿ ಸುಲಭಕ್ಕೆ ಸಿಗಲ್ಲ, ಬಿತ್ತದೆ ವರ್ಷಗಟ್ಟಲೆ ಮೂಟೆಯಲ್ಲಿ ಇಟ್ಟರೆ ಮೊಳಕೆಯೂ ಬರಲ್ಲ. ಈಗಲೂ ಕಗ್ಗ ಬೆಳೆಯುವವರು ನಿಮ್ಮ ಕುಮಟಾ ತಾಲೂಕಿನದ್ದೇ ಊರಾದ ಮಾಣಿಕಟ್ಟಾ ಕಡೆ ಇದ್ದಾರೆ, ಕೇಳಿ ನೋಡಿ.